ಮುಂಗಾರು ಮಳೆ 2: ಒಂದು ಹಿನ್ನೀರು ಮೀಮಾಂಸೆ

ಶಾಸನದ ಕಾಲ, ಕವಿಯ ಊರು, ಛಂದಸ್ಸಿನ ಮಾತ್ರೆ ಇವುಗಳ ಬಗ್ಗೆ ನಮ್ಮ ವಿದ್ವಾಂಸರು ಜಗಳವಾಡಿದಷ್ಟು, ಸಿನಿಮಾದ ಹೆಸರಿನ ಬಾಲಕ್ಕೆ ಬಂದು ಅಂಟಿಕೊಳ್ಳುವ 2 ಎಂಬ ಅಂಕಿಯ ಬಗ್ಗೆ ಆಡಿಲ್ಲ. ಹಿಂದಿನವರಿಗೆ ಈ ಕಾಯಿಲೆ ಇರಲಿಲ್ಲ ಎಂಬುದೇ ಇದಕ್ಕೆ ಕಾರಣವಿದ್ದೀತು. ಪಂಪ ಆದಿಪುರಾಣ ಮುಗಿಸಿ ವಿಕ್ರಮಾರ್ಜುನ ವಿಜಯಕ್ಕೆ ಕೈ ಹಾಕಿದನೇ ಹೊರತು ಆದಿಪುರಾಣ 2 ಬರೆಯಲಿಲ್ಲ. ಹೀಗೆ ಬಾಕಿ ಉಳಿದ ಕೆಲಸವನ್ನು ಪ್ರಸ್ತುತ ಪ್ರಬಂಧ ವಹಿಸಿಕೊಂಡಿದೆ. ಪರಿಶೀಲನೆಗೆ ಆರಿಸಿದ ಕೃತಿ 2016ರ ‘ಮುಂಗಾರು ಮಳೆ 2’. ಸಂಶೋಧನಾ ಕ್ಷೇತ್ರ ಗಾಂಧಿನಗರವಲ್ಲ, ಸಾಗರ ತಾಲ್ಲೂಕಿನ ಬ್ಯಾಕೋಡು. ಮೊದಲ ‘ಮುಂಗಾರು ಮಳೆ’ಯ ಕಥೆ ನಡೆಯುವುದು ಮಡಿಕೇರಿಯ ಕಡೆ ಇರಬಹುದು, ಆದರೆ ಅದರಲ್ಲಿ ಜೋಗದ ನೆತ್ತಿಯ ಮೇಲೆ ಹರಿಯುವುದು ಶರಾವತಿ. ಹರಿಯುವ ಆ ನೀರನ್ನು ಅಡ್ಡಗಟ್ಟಿ ಕೂಡಿಟ್ಟರೆ ಏನಾಗುತ್ತದೆ ಎಂಬುದನ್ನು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಮನೆ ಜಗಲಿಯಲ್ಲೇ ಕೂತು ನೋಡುತ್ತ ಬಂದ ಸೀಮೆ ಬ್ಯಾಕೋಡಿನದು. ಇಂಥ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಇನ್ನೊಂದಿಲ್ಲ.

ನಮ್ಮ ಪ್ರತಿಜ್ಞೆ ಇಷ್ಟು: ಪ್ರೇಮಹಾಸ್ಯದ ಚಿತ್ರ ನಡೆಯುವುದು ಕೊರತೆಯಿಂದ, ಅದರ ಎರಡನೆಯ ಭಾಗ ಹುಟ್ಟುವುದು ಸಂಗ್ರಹದಿಂದ, ಆದ್ದರಿಂದ ಎರಡನೆಯದು ಕೆಡುವುದು ಕಾಕತಾಳೀಯವಲ್ಲ. ತರ್ಕಶಾಸ್ತ್ರ ನಾಲ್ಕು ಬಗೆಯ ಅಭಾವಗಳನ್ನು ಹೇಳುತ್ತದೆ. ಮಡಕೆ ಆಗುವ ಮೊದಲು ಮಡಕೆ ಇಲ್ಲದಿರುವುದು ಪ್ರಾಗಭಾವ. ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. 2006ರ ಚಿತ್ರದ ಅರ್ಧ ಪ್ರಾಗಭಾವ, ಉಳಿದರ್ಧ ಪ್ರಧ್ವಂಸಾಭಾವ. ಪ್ರೀತಮ್ ನಂದಿನಿಯನ್ನು ಅರಸಿ ಹೋಗುತ್ತಾನೆ, ನಂದಿನಿ ಗೌತಮನ ಕೈ ಹಿಡಿಯುತ್ತಾಳೆ, ದೇವದಾಸನೆಂಬ ಮೊಲ ಸಾಯುತ್ತದೆ. ಕಥೆಯ ಆಸ್ತಿಯನ್ನು ಪಾಲು ಮಾಡಲು ಕೂತ ಪಂಚಾಯಿತಿಗೆ ಇಲ್ಲಿ ಸಿಗುವುದೇನು? ಒಬ್ಬಳು ಗಂಡನ ಮನೆ ಸೇರಿದಳು, ಒಂದು ಜೀವ ಮಣ್ಣು ಸೇರಿತು. ಉಳಿದವನು ಪ್ರೀತಮ್ ಒಬ್ಬನೇ, ಅವನ ಹತ್ತಿರ ಇರುವುದು ಒದ್ದೆ ಬಟ್ಟೆ. ಹೀಗಿರುವಾಗ ಎರಡನೆಯ ಭಾಗದವರು ಇನ್ನೊಬ್ಬ ಪ್ರೀತಮ್‌ನನ್ನೂ ಇನ್ನೊಬ್ಬಳು ನಂದಿನಿಯನ್ನೂ ತಂದು ನಿಲ್ಲಿಸಿದರು. ಆ ನಂದಿನಿ ಪೂಜಾ ಗಾಂಧಿ, ಈ ನಂದಿನಿ ನೇಹಾ ಶೆಟ್ಟಿ. ಈ ನಂದಿನಿ ಆ ನಂದಿನಿಯಲ್ಲ ಎಂಬುದಕ್ಕೆ ಶಾಸ್ತ್ರದಲ್ಲಿ ಅನ್ಯೋನ್ಯಾಭಾವ ಎನ್ನುತ್ತಾರೆ. ನಾಲ್ಕನೆಯದಾದ ಅತ್ಯಂತಾಭಾವಕ್ಕೆ, ಅಂದರೆ ಯಾವ ಕಾಲಕ್ಕೂ ಇಲ್ಲದಿರುವುದಕ್ಕೆ, ಉದಾಹರಣೆ: ಈ ಕಥೆ ಮುಂದುವರಿಯಲು ಬೇಕಾದ ಕಾರಣ.

ತರ್ಕ ಒಪ್ಪದವರು ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರಿಗೆ ಬರಬೇಕು. ಶರಾವತಿಗೆ ಮೊದಲು ಕಟ್ಟಿದ್ದು ಲಿಂಗನಮಕ್ಕಿಯಲ್ಲ, 1948ರಲ್ಲಿ ಮುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ನೀರು ಮಿತಿಮೀರಿದರೆ ತಾನಾಗಿಯೇ ಎಳೆದು ಹೊರಹಾಕುವ ಸೈಫನ್‌ಗಳ ಕಟ್ಟೆ ಅದು. ಹದಿನಾರು ವರ್ಷಕ್ಕೆ ಅದರ ಕೆಳಗೆ ಲಿಂಗನಮಕ್ಕಿ ಎದ್ದಿತು, ಹಳೆಯ ಅಣೆಕಟ್ಟು ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಹೊಸದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ನೀರು ಆ ಗುರುತಿನ ಹತ್ತಿರ ಇರುವವರೆಗೆ ಹಳೆಯದರ ಸುಳಿವಿಲ್ಲ. ಮಳೆ ಕೈಕೊಟ್ಟು ನೀರು ತೀರಾ ಕೆಳಗಿಳಿದ ವರ್ಷ ಮಡೆನೂರು ಕಟ್ಟೆ ಸೈಫನ್ ಸಮೇತ ಮೇಲೇಳುತ್ತದೆ, ಜನ ಬೈಕಿನಲ್ಲಿ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ‘ಮುಂಗಾರು ಮಳೆ 2’ರ ಗತಿಯೂ ಇದೇ. ಪೋಸ್ಟರುಗಳ ನೀರು ಇಳಿದ ಮೇಲೆ ಮೇಲೆದ್ದದ್ದು ಮೊದಲನೆಯದು. ಇಂದಿಗೂ ಜನರ ಬಾಯಲ್ಲಿ ಇರುವುದು ಮನೋಮೂರ್ತಿಯವರ ಆ ರಾಗಗಳು, ಜಯಂತ ಕಾಯ್ಕಿಣಿಯವರ ಆ ಸಾಲುಗಳು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಲಿಂಗನಮಕ್ಕಿ ಹಳೆಯದಕ್ಕಿಂತ ದೊಡ್ಡದು, ಉಪಯೋಗಕ್ಕೂ ಹೆಚ್ಚು, ಎರಡನೆಯದೆಂಬ ಒಂದೇ ಕಾರಣಕ್ಕೆ ಅದನ್ನು ಹಳಿಯಬಹುದೇ? ಹಳಿಯುತ್ತಿಲ್ಲ. ಲಿಂಗನಮಕ್ಕಿ ತನ್ನದೇ ಜಾಗದಲ್ಲಿ ನಿಂತಿತು, ತನ್ನದೇ ಹನ್ನೊಂದು ಗೇಟು ಇಟ್ಟುಕೊಂಡಿತು, 1,035 ಮೆಗಾವಾಟಿನ ಹೊಸ ವಿದ್ಯುದಾಗಾರಕ್ಕೆ ನೀರು ಕೊಟ್ಟಿತು. ತನ್ನನ್ನು ‘ಹಿರೇಭಾಸ್ಕರ 2’ ಎಂದು ಕರೆದುಕೊಳ್ಳಲಿಲ್ಲ. (ಬ್ಯಾಕೋಡಿನವರನ್ನು ಕೇಳಿದರೆ ಅದರ ಬಗ್ಗೆ ಬೇರೆ ದೂರುಗಳ ದೊಡ್ಡ ಪಟ್ಟಿಯೇ ಸಿಕ್ಕೀತು, ಅದು ಈ ಪ್ರಬಂಧದ ವ್ಯಾಪ್ತಿಗೆ ಹೊರತು.) ಹಾಗಾದರೆ ತಪ್ಪು ಕೆಲಸಗಾರರದೇ ಎಂದರೆ ಅದೂ ನಿಲ್ಲುವುದಿಲ್ಲ. ಯೋಗರಾಜ ಭಟ್ಟರ ಜಾಗಕ್ಕೆ ಬಂದ ಶಶಾಂಕ್ ‘ಮೊಗ್ಗಿನ ಮನಸು’, ‘ಕೃಷ್ಣನ್ ಲವ್ ಸ್ಟೋರಿ’ ಮಾಡಿದವರು, ಪ್ರೇಮಕಥೆ ಹೇಳಲು ಬಾರದವರಲ್ಲ. ಸಂಗೀತಕ್ಕೆ ಅರ್ಜುನ್ ಜನ್ಯ, ತಂದೆಯ ಪಾತ್ರಕ್ಕೆ ಸಾಕ್ಷಾತ್ ರವಿಚಂದ್ರನ್, ನಾಯಕ ಅದೇ ಗಣೇಶ್. ಮೇಸ್ತ್ರಿಗಳು ಒಳ್ಳೆಯವರೇ, ಸಾಮಾನೂ ಒಳ್ಳೆಯದೇ. ಮನೆ ಕಟ್ಟಲು ತೋರಿಸಿದ ಜಾಗ ಮುಳುಗಡೆಯದು.

ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಇರುವುದು ಪಂಚಾಂಗದಲ್ಲಿ, ವಿಮರ್ಶಕರು ಅದನ್ನು ತೆರೆದೇ ನೋಡಿಲ್ಲ. ಮೊದಲ ಚಿತ್ರ ತೆರೆ ಕಂಡದ್ದು 2006ರ ಡಿಸೆಂಬರ್ 29ರಂದು. ಅದು ಯಾವ ಮಳೆ ನಕ್ಷತ್ರವೂ ಅಲ್ಲ. ಬ್ಯಾಕೋಡು, ತುಮರಿ ಕಡೆ ಆಗ ಅಡಿಕೆ ಕೊನೆಕೊಯ್ಲಿನ ಕಾಲ; ಅಂಗಳದಲ್ಲಿ ಸುಲಿದ ಅಡಿಕೆ ಒಣಗುತ್ತಿರುತ್ತದೆ, ಆಕಾಶ ಗುಡಿಸಿಟ್ಟ ಹಾಗಿರುತ್ತದೆ. ಮಳೆ ಎಂದರೆ ಪ್ರೀತಿ ಉಕ್ಕುವುದು ಮಳೆ ಇಲ್ಲದ ಇಂಥ ದಿನಗಳಲ್ಲಿ. ಎರಡನೆಯದು ಬಂದದ್ದು 2016ರ ಸೆಪ್ಟೆಂಬರ್ 10ಕ್ಕೆ, ಅಂದರೆ ಹುಬ್ಬೆ ಮಳೆಯಲ್ಲಿ. ಆದ್ರೆಯಿಂದ ಮಘೆಯವರೆಗೆ ನೆನೆದು, ಕಂಬಳಿಕೊಪ್ಪೆ ಒಣಗದೆ, ತೋಟಕ್ಕೆ ಕೊಳೆ ಔಷಧ ಹೊಡೆಸಿ, ಹೊಡೆಸಿದ ಮರುದಿನವೇ ಅದು ಮಳೆಗೆ ತೊಳೆದುಹೋದದ್ದನ್ನು ಕಂಡ ಮನುಷ್ಯ ದುಡ್ಡು ಕೊಟ್ಟು ಇನ್ನೊಂದು ಮಳೆ ನೋಡಲಾರ. ಅದೂ ಲಾಂಚಿನ ಕಾಲ. ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಅಂಬಾರಗೋಡ್ಲಿನಲ್ಲಿ ಇಳಿದು ಸಾಗರ ಸೇರಬೇಕು, ಕತ್ತಲಾಗುವುದರೊಳಗೆ ವಾಪಸು ದಡಕ್ಕೆ ಬರಬೇಕು. ಸೆಕೆಂಡ್ ಶೋ ಎಂಬುದು ಈ ಸೀಮೆಯ ಮಟ್ಟಿಗೆ ಕೇವಲ ಸಿದ್ಧಾಂತ. ಅಷ್ಟು ಕಷ್ಟಪಟ್ಟು ನೀರು ದಾಟಿ ಹೋದವನಿಗೆ ಅಲ್ಲಿ ತೋರಿಸುವುದು ನೀರು.

ಚುರುಕಾದ ಪ್ರತಿವಾದಿಯೊಬ್ಬ ಇಲ್ಲಿ ನಮ್ಮನ್ನು ಹಿಡಿದಾನು. 2016ರ ಸೆಪ್ಟೆಂಬರಿನಲ್ಲಿ ಕರ್ನಾಟಕಕ್ಕೆ ನೀರಿನ ಕೊರತೆ ಇತ್ತಲ್ಲ. 5ರಂದು ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ಕಾವೇರಿ ನೀರು ಬಿಡಿ ಎಂದಿತ್ತು, 9ರಂದು ರಾಜ್ಯ ಬಂದ್ ಆಗಿತ್ತು, ಚಿತ್ರ ಬಂದದ್ದು ಅದರ ಮರುದಿನ. ಕೊರತೆಯೇ ಪ್ರೇಮಚಿತ್ರದ ಬಂಡವಾಳವಾದರೆ ಆ ವಾರ ಚಿತ್ರಮಂದಿರ ತುಂಬಿ ಹೊರಚೆಲ್ಲಬೇಕಿತ್ತಲ್ಲ? ಉತ್ತರ: ಕ್ಯೂಸೆಕ್‌ನಲ್ಲಿ ಅಳೆಯಬಹುದಾದ ಕೊರತೆಯಿಂದ ಬಂದ್ ಹುಟ್ಟುತ್ತದೆ, ಪ್ರೇಮ ಹುಟ್ಟುವುದಿಲ್ಲ. ಇನ್ನೊಬ್ಬ ‘ಆಪ್ತರಕ್ಷಕ’ವನ್ನು ಮುಂದಿಡುತ್ತಾನೆ. ‘ಆಪ್ತಮಿತ್ರ’ದ ನಂತರ ಬಂದ ಅದು 2010ರಲ್ಲಿ ಗೆಲ್ಲಲಿಲ್ಲವೇ? ಗೆದ್ದಿತು, ಏಕೆಂದರೆ ನಾಗವಲ್ಲಿ ದೆವ್ವ. ಸತ್ತ ಮೇಲೆ ಮರಳಿ ಬರುವುದು ದೆವ್ವದ ವೃತ್ತಿಧರ್ಮ, ಪ್ರೇಮಿಗೆ ಆ ಸೌಲಭ್ಯವಿಲ್ಲ. ‘ಲವ್ ಮಾಕ್ಟೇಲ್ 2’ ನಮ್ಮ ವಾದಕ್ಕೆ ವಿರೋಧವಲ್ಲ, ಆಧಾರ: ಮೊದಲನೆಯದರಲ್ಲಿ ನಿಧಿ ತೀರಿಕೊಂಡಳು, 2022ರ ಎರಡನೆಯದು ಅವಳಿಲ್ಲದ ಆದಿಯ ಕೊರಗನ್ನೇ ಹೊತ್ತುಕೊಂಡು ಹೊರಟಿತು; ಹಳೆಯ ಕೊರತೆಯನ್ನು ಮುಚ್ಚಲಿಲ್ಲ, ಮುಂದುವರಿಸಿತು. ಇನ್ನು ‘ಗಾಳಿಪಟ 2’ರ ವಿಚಾರವನ್ನು ಪ್ರತ್ಯೇಕ ಪ್ರಬಂಧಕ್ಕೆ ಮೀಸಲಿಡಲಾಗಿದೆ. ತೊಡಕಿನ ಉದಾಹರಣೆ ಎದುರಾದಾಗ ಹೀಗೆ ಹೇಳುವುದು ವಿದ್ವಾಂಸರ ಹಳೆಯ ಹಕ್ಕು.

ಕಡೆಯ ಆಕ್ಷೇಪ ಊರಿನವರದೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು, ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಹಾಸಿಕೊಂಡಿದೆ, ಈಗ ರಾತ್ರಿಯೂ ದಾಟಬಹುದು. ಸೆಕೆಂಡ್ ಶೋ ಸಾಧ್ಯವಾದ ಮೇಲೆ ಸಿದ್ಧಾಂತ ತಿದ್ದಬೇಡವೇ? ಬೇಡ. ಸೇತುವೆ ಬಂದದ್ದು ದಾಟಲಾಗದ ದಶಕಗಳ ಕೊರತೆಗೆ ಉತ್ತರವಾಗಿ, ಲಾಂಚಿನ ಜನಪ್ರಿಯತೆಯನ್ನು ನಗದು ಮಾಡಿಕೊಳ್ಳಲಿಕ್ಕಲ್ಲ. ಮುಂದೆ ಯಾರಾದರೂ ‘ಮುಂಗಾರು ಮಳೆ 3’ಕ್ಕೆ ಕೈ ಹಾಕುವುದಾದರೆ ಅವರಲ್ಲಿ ಬಿನ್ನಹ: ಚಿತ್ರಕಥೆಗೆ ಕೂರುವ ಮೊದಲು ಯಾರಿಗೆ ಏನು ಸಿಗದೆ ಉಳಿದಿದೆ ಎಂದು ಒಂದು ಸಾಲಿನಲ್ಲಿ ಬರೆದು ನೋಡಿ. ಸಾಲು ಬಂದರೆ ಕ್ಯಾಮೆರಾ ಹೊರಡಲಿ. ಬರದಿದ್ದರೆ ಆ ದುಡ್ಡಿನಲ್ಲಿ ಹಳೆಯ ಚಿತ್ರವನ್ನೇ ಒಂದು ಡಿಸೆಂಬರಿನಲ್ಲಿ, ಕೊನೆಕೊಯ್ಲು ಮುಗಿದ ವಾರ, ಸಾಗರದಲ್ಲಿ ಮರಳಿ ಬಿಡುಗಡೆ ಮಾಡಿ, ಬ್ಯಾಕೋಡಿನವರು ಬರುತ್ತಾರೆ.