ನ್ಯೂಜೆರ್ಸಿಯಲ್ಲಿ ಪಿಜ್ಜಾ ಸಿಗದ ರಾಯರು

ಅಮೆರಿಕಕ್ಕೆ ಬಂದ ಕನ್ನಡಿಗರು ಊರಿನ ತಿಂಡಿ ನೆನೆದು ಕೊರಗುವುದು ಹೊಸದೇನಲ್ಲ. ಒಬ್ಬರಿಗೆ ಅಕ್ಕಿರೊಟ್ಟಿ, ಇನ್ನೊಬ್ಬರಿಗೆ ಮದ್ದೂರು ವಡೆ, ಧಾರವಾಡದವರಿಗೆ ಫೇಡೆ. ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತು, "ಏನೇ ಹೇಳಿ, ಈ ದೇಶದಲ್ಲಿ ಒಂದು ಒಳ್ಳೇ ಪಿಜ್ಜಾ ಸಿಗಲ್ಲ ಕಣ್ರೀ. ಪಿಜ್ಜಾ ಅಂದ್ರೆ ನಮ್ಮ ಬೆಂಗಳೂರಿಂದೇ" ಎಂದು ನಿಟ್ಟುಸಿರು ಬಿಡುವ ಒಂದು ಪಂಗಡವಿದೆ. ಅವರಿಗೆಲ್ಲ ಸೇರಿಸಿ ಒಂದೇ ಹೆಸರಿಡೋಣ: ಅಸಲಿರಾಯರು. ನಿಮ್ಮ ಕನ್ನಡ ಕೂಟದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಯುಗಾದಿ ಕಾರ್ಯಕ್ರಮದ ದಿನ ಮಕ್ಕಳಿಗೆಂದು ತರಿಸಿದ ಪಿಜ್ಜಾ ಡಬ್ಬದ ಮುಚ್ಚಳವನ್ನು ಎರಡೇ ಬೆರಳಲ್ಲಿ ಎತ್ತಿ, ಇಣುಕಿ, ಮತ್ತೆ ಮುಚ್ಚಿ, ಮಾತಾಡದೆ ಪುಳಿಯೋಗರೆ ಸಾಲಿಗೆ ಹೋಗಿ ನಿಲ್ಲುವವರು ಅವರೇ.

ನ್ಯೂಜೆರ್ಸಿ ಎಂಥ ಜಾಗ ಅನ್ನುವುದನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ರಾಯರ ಸಾಹಸದ ಆಳ ತಿಳಿಯುವುದಿಲ್ಲ. ಇಟಲಿಯ ದಕ್ಷಿಣದಿಂದ ಹಡಗು ಹತ್ತಿ ಬಂದವರ ಮರಿಮಕ್ಕಳು ಇಲ್ಲಿ ಬೀದಿಬೀದಿಯಲ್ಲೂ ಇದ್ದಾರೆ. ಟ್ರೆಂಟನ್‌ನಲ್ಲಿ 1912ರಲ್ಲಿ ಶುರುವಾಗಿ ಈಗ ಪಕ್ಕದ ರಾಬಿನ್ಸ್‌ವಿಲ್‌ಗೆ ಬಂದಿರುವ ಪಾಪಾಸ್ ಟೊಮ್ಯಾಟೊ ಪೈಸ್ ಇನ್ನೂ ನಡೆಯುತ್ತಿದೆ. ಮೊದಲು ಚೀಸ್ ಹಾಸಿ ಅದರ ಮೇಲೆ ಟೊಮ್ಯಾಟೊ ಹಾಕುವುದು ಆ ಊರಿನ ಪದ್ಧತಿ. ನದಿ ದಾಟಿದರೆ ನ್ಯೂಯಾರ್ಕ್. ಅಮೆರಿಕದ ಮೊದಲ ಪಿಜ್ಜಾ ಅಂಗಡಿಯೆಂದು ಎಲ್ಲರೂ ಬೆರಳು ತೋರಿಸುವ, 1905ರ ಲೊಂಬಾರ್ಡೀಸ್ ಇರುವುದು ಅಲ್ಲೇ. ಇಂಥ ಸೀಮೆಯಲ್ಲಿ ಕೂತು ಪಿಜ್ಜಾ ಸಿಗಲ್ಲ ಎನ್ನಬೇಕಾದರೆ, ಮೈಸೂರಲ್ಲಿ ನಿಂತು ಮಲ್ಲಿಗೆ ಸಿಗಲ್ಲ ಎನ್ನುವಷ್ಟು ಎದೆಗಾರಿಕೆ ಬೇಕು. ರಾಯರಿಗೆ ಅದಿದೆ.

ಅವರ ಮನಸ್ಸಿನಲ್ಲಿರುವ ಪಿಜ್ಜಾದ ವಂಶಾವಳಿಯನ್ನು ನಾನು ಅವರ ಬಾಯಿಂದಲೇ ಕೇಳಿದ್ದೇನೆ, ಕೇಳದಿದ್ದರೂ ಹೇಳುತ್ತಾರೆ. 1996ರ ಜನವರಿಯಲ್ಲಿ ರೈತಸಂಘದವರು ಬ್ರಿಗೇಡ್ ರಸ್ತೆಯ ಕೆಎಫ್‌ಸಿಗೆ ನುಗ್ಗಿ ಮೇಜು ಕುರ್ಚಿ ಪುಡಿ ಮಾಡಿದಾಗ ರಾಯರು ಬಸವನಗುಡಿಯಲ್ಲಿ ಪಿಯುಸಿ. ವಿದೇಶಿ ತಿಂಡಿ ಬಂದರೆ ನಮ್ಮ ಸಂಸ್ಕೃತಿ ಹಾಳಾಗುತ್ತದೆ ಎಂಬ ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡಿ ಬಹುಮಾನ ಗೆದ್ದರಂತೆ. ಅದೇ ವರ್ಷ ಪಿಜ್ಜಾ ಹಟ್‌ನವರು ಭಾರತದ ಮೊದಲ ಅಂಗಡಿಯನ್ನು ಬೆಂಗಳೂರಲ್ಲೇ ತೆರೆದರು. ರಾಯರು ಅಪ್ಪನನ್ನು ಕೇಳಿದರು. ಅಪ್ಪ, "ಅಷ್ಟು ದುಡ್ಡಲ್ಲಿ ಮನೆಮಂದಿಗೆಲ್ಲ ಎಂಟಿಆರ್‌ನಲ್ಲಿ ಊಟ ಆಗುತ್ತೆ, ಸುಮ್ನಿರು" ಎಂದರು. ಹಾಗಾಗಿ ಮೊದಲ ಪಿಜ್ಜಾ ಒದಗಿದ್ದು ಅಯ್ಯಂಗಾರ್ ಬೇಕರಿಯಿಂದ.

ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಯಾಕೆಂದರೆ ನನ್ನ ಬಾಯಲ್ಲೂ ನೀರೂರುತ್ತಿದೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕತೆ 1898ರಲ್ಲಿ ಚಿಕ್ಕಪೇಟೆಯ ಬಿ.ಬಿ. ಬೇಕರಿಯಿಂದ ಶುರುವಾಗುತ್ತದೆ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬ್ರೆಡ್ಡಿನ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಖಾರಾ ಬನ್ ಮಾಡಿದ ಮೇಲೆ, ಯಾವ ಇಂಗ್ಲಿಷ್ ತಿಂಡಿಯೂ ಅವರ ಕೈಯಿಂದ ಹಾಗೇ ಪಾರಾಗಲಿಲ್ಲ. ಪಿಜ್ಜಾನೂ ಅಷ್ಟೇ. ಅಂಗೈ ಅಗಲದ ದಪ್ಪ ಬನ್ನು; ಮೇಲೆ ಸಿಹಿ ಟೊಮ್ಯಾಟೊ ಸಾಸು; ಎಲೆಕೋಸು, ಕ್ಯಾರೆಟ್ಟು, ದೊಣ್ಣೆಮೆಣಸಿನಕಾಯಿ; ಅದರ ಮೇಲೆ ಹಬ್ಬದ ದಿನದ ಕಾಯಿತುರಿಯಷ್ಟು ಧಾರಾಳವಾಗಿಯೇನಲ್ಲ, ಇದ್ದೂ ಇಲ್ಲದಂತೆ ಉದುರಿಸಿದ ಚೀಸು. ಗಾಜಿನ ಪೆಟ್ಟಿಗೆಯಲ್ಲಿ ದಿಲ್‌ಪಸಂದ್, ಹನಿ ಕೇಕ್‌ಗಳ ಪಕ್ಕ ತಣ್ಣಗೆ ಕೂತಿರುತ್ತಿತ್ತು. "ಬಿಸಿ ಮಾಡಿಕೊಡ್ಲಾ?" ಎಂದು ಕೇಳುತ್ತಿದ್ದರು. ಬಿಸಿ ಮಾಡಿದರೆ ಬನ್ನು ರಬ್ಬರಾಗುತ್ತಿತ್ತು, ಮಾಡದಿದ್ದರೆ ಚೀಸು ಮೇಣವಾಗುತ್ತಿತ್ತು. ಎರಡೂ ರುಚಿಯಾಗಿತ್ತು.

ಅದಾದ ಮೇಲೆ ಇಂಜಿನಿಯರಿಂಗ್, ಕ್ಯಾಂಪಸ್ ಆಯ್ಕೆ, ಮೊದಲ ಸಂಬಳ. ಮೊದಲ ಸಂಬಳದ ಪಾರ್ಟಿ ಎಲ್ಲಿ ಎಂದು ಕೇಳಬೇಕಾಗಿಯೇ ಇಲ್ಲ. ಪನೀರು, ಸ್ವೀಟ್ ಕಾರ್ನು, ಕೆಂಪು ಮೆಣಸಿನಕಾಯಿ ಹಾಕಿದ ಪಿಜ್ಜಾ, ಜೊತೆಗೆ ಕಾಗದದ ಪುಟ್ಟ ಪೊಟ್ಟಣಗಳು: ಒಂದರಲ್ಲಿ ಚಿಲ್ಲಿ ಫ್ಲೇಕ್ಸ್, ಇನ್ನೊಂದರಲ್ಲಿ ಒರಿಗ್ಯಾನೊ. ಆಫೀಸಿಗೆ ತರಿಸುವುದಾದರೆ ಇನ್ನೊಂದು ಮಜವಿತ್ತು. ಮೂವತ್ತು ನಿಮಿಷದಲ್ಲಿ ಬಾರದಿದ್ದರೆ ದುಡ್ಡು ಕೊಡಬೇಕಾಗಿಲ್ಲ ಎಂದು ಡಾಮಿನೋಸ್‌ನವರು ಹೇಳಿಕೊಂಡಿದ್ದರು. ಅಪಘಾತದ ಮೊಕದ್ದಮೆಗಳಿಗೆ ಬೆದರಿ ಅಮೆರಿಕದಲ್ಲಿ 1993ರಲ್ಲೇ ಕೈಬಿಟ್ಟ ಆ ಭರವಸೆಯನ್ನು ಅವರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಡೆಸಿಕೊಟ್ಟರು. ಇಪ್ಪತ್ತೆಂಟನೇ ನಿಮಿಷಕ್ಕೆ ಹುಡುಗ ಬೆವರೊರೆಸುತ್ತ ಬಂದಾಗ ಇಡೀ ಟೀಮು ನಿರಾಸೆಯಿಂದ ಮುಖ ಬಾಡಿಸಿಕೊಳ್ಳುತ್ತಿತ್ತು. ನಾವು ಎಂಥ ಜನ ನೋಡಿ.

ಈ ಎಲ್ಲ ಸಂಸ್ಕಾರ ಪಡೆದು ಬಂದ ರಾಯರು ಇಲ್ಲಿಯ ಮೂಲೆಯಂಗಡಿಗೆ ಕಾಲಿಡುವುದನ್ನು ನೋಡಬೇಕು. ಮೊದಲ ಪ್ರಶ್ನೆ ಪಿಜ್ಜಾದ ಬಗ್ಗೆಯಲ್ಲ, ಅದನ್ನು ಕತ್ತರಿಸುವ ಚಕ್ರದ ಬಗ್ಗೆ: ಪೆಪೆರೋನಿ ಕತ್ತರಿಸಿದ ಚಕ್ರದಲ್ಲೇ ನಮ್ಮದನ್ನೂ ಕತ್ತರಿಸುತ್ತೀರಾ? ಅಂಗಡಿಯವನು ಚಕ್ರ ತೊಳೆಯುತ್ತಾನೆ. ಕೈಗವಸು? ಅದನ್ನೂ ಬದಲಿಸುತ್ತಾನೆ. ಹಿಂದೆ ಸಾಲಿನಲ್ಲಿ ನಿಂತವರು ಗಡಿಯಾರ ನೋಡಿಕೊಳ್ಳುತ್ತಾರೆ. ಕೊನೆಗೆ ಬಂದ ಸ್ಲೈಸಿನ ಮೇಲೆ ಟೊಮ್ಯಾಟೊ ಸಾಸು ಮತ್ತು ಚೀಸು, ಎರಡೇ. ರಾಯರು ಅದನ್ನು ತಿರುಗಿಸಿ ನೋಡುತ್ತಾರೆ, ಅಡಿಗೇನಾದರೂ ತರಕಾರಿ ಅಡಗಿದೆಯೋ ಎಂದು. "ಒರಿಗ್ಯಾನೊ ಇಲ್ವಾ?" ಮೇಜಿನ ಮೇಲೆಯೇ ತೂತಿನ ಮುಚ್ಚಳದ ಶೀಶೆಯಲ್ಲಿದೆ. ಉದುರಿಸಿಕೊಂಡು, ನಾಲಿಗೆಗೆ ಒಂಚೂರು ಇಟ್ಟು, "ಇದು ಒರಿಗ್ಯಾನೊ ಅಲ್ಲ. ಬರೀ ಒಣಗಿದ ಸೊಪ್ಪು" ಎನ್ನುತ್ತಾರೆ. ಒರಿಗ್ಯಾನೊ ಎಂದರೆ ಒಣಗಿದ ಸೊಪ್ಪೇ. ಬೆಂಗಳೂರಿನ ಪೊಟ್ಟಣದಲ್ಲಿ ಇದ್ದದ್ದು ಉಪ್ಪು, ಮಸಾಲೆ ಬೆರೆಸಿದ ಮಿಶ್ರಣ; ಹೆಚ್ಚುಕಡಿಮೆ ಇಂಗ್ಲಿಷ್ ಹೆಸರಿನ ಚಟ್ನಿಪುಡಿ. ಇದನ್ನು ರಾಯರಿಗೆ ಹೇಳುವ ಧೈರ್ಯ ಅವರ ಹೆಂಡತಿಗೂ ಇಲ್ಲ.

ತಿನ್ನುವ ರೀತಿಯೂ ಅವರಿಗೆ ಸೇರುವುದಿಲ್ಲ. ಇಲ್ಲಿಯವರು ಸ್ಲೈಸನ್ನು ಉದ್ದಕ್ಕೆ ಮಡಚಿ ನಿಂತುಕೊಂಡೇ ಬಾಯಿಗಿಡುತ್ತಾರೆ. ಫೋರ್ಕು ಚಾಕು ಹಿಡಿಯುವುದನ್ನು ರಾಯರು ಕಲಿತದ್ದೇ ಬೆಂಗಳೂರಿನ ಪಿಜ್ಜಾ ಅಂಗಡಿಯಲ್ಲಿ. ಅನ್ನಸಾರು ಕಲಸಿ ಸುರಿಯುವ ಅದೇ ಕೈಯಿಂದ ಪಿಜ್ಜಾ ಮುಟ್ಟುವುದು ಅವರಿಗೆ ಅನಾಗರಿಕವಾಗಿ ಕಾಣುತ್ತದೆ. 2014ರ ಜನವರಿಯಲ್ಲಿ ನ್ಯೂಯಾರ್ಕಿನ ಹೊಸ ಮೇಯರ್ ಬಿಲ್ ಡಿ ಬ್ಲಾಸಿಯೊ ಫೋರ್ಕಿನಲ್ಲಿ ಪಿಜ್ಜಾ ತಿಂದು ಸಿಕ್ಕಿಬಿದ್ದು ಇಡೀ ನಗರದ ನಗೆಪಾಟಲಾದರು. ಆಗ ಅವರ ಪರವಾಗಿ ನಿಂತ ಏಕೈಕ ಕನ್ನಡಿಗ ನಮ್ಮ ರಾಯರೇ ಇರಬೇಕು. ಅವರ ಮಗ, ಇಲ್ಲೇ ಹುಟ್ಟಿದವನು, ಅಪ್ಪನ ಎದುರೇ ಸ್ಲೈಸ್ ಮಡಚಿ ತಿನ್ನುತ್ತಾನೆ. "ಏಯ್, ನೆಟ್ಟಗೆ ತಿನ್ನೋ" ಎಂದರೆ, "ಇದೇ ನೆಟ್ಟಗೆ ಅಪ್ಪಾ" ಎನ್ನುತ್ತಾನೆ.

ಆಫೀಸಿನಲ್ಲಿ ರಾಯರಿಗೆ ಸರಿಸಮನಾದ ಒಬ್ಬ ಎದುರಾಳಿಯಿದ್ದಾನೆ. ಮುತ್ತಾತ ನೇಪಲ್ಸ್‌ನವನು, ಇವನು ಮಾತ್ರ ಇಟಲಿಯ ಮುಖ ಕಂಡವನಲ್ಲ. ಆದರೂ ಅಸಲಿ ಪಿಜ್ಜಾದ ನಿಯಮಗಳನ್ನು ಮಂತ್ರದಂತೆ ಒಪ್ಪಿಸುತ್ತಾನೆ. ಅದನ್ನು ಕಾಯಲೆಂದೇ ನೇಪಲ್ಸ್‌ನಲ್ಲಿ 1984ರಲ್ಲಿ ಒಂದು ಸಂಘ ಹುಟ್ಟಿದೆ. ಸೌದೆ ಒಲೆ, ಸುಮಾರು 485 ಡಿಗ್ರಿ ಸೆಲ್ಸಿಯಸ್ ಕಾವು, 60ರಿಂದ 90 ಸೆಕೆಂಡು, ಮುಗಿಯಿತು. ಮಾರಿನಾರಾ, ಮಾರ್ಗರಿಟಾ ಎಂಬ ಎರಡನ್ನು ಬಿಟ್ಟರೆ ಉಳಿದದ್ದಕ್ಕೆ ಮಡಿವಂತರ ಮನ್ನಣೆಯಿಲ್ಲ. ಆ ಬಾಣಸಿಗರ ಕೈಚಳಕವನ್ನು 2017ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೂ ಸೇರಿಸಿತು. ರಾಯರು ಇದನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: "ಒಂದೂವರೆ ನಿಮಿಷಕ್ಕೆ ಹಪ್ಪಳ ಸುಡಬಹುದು ಮಾರಾಯ, ಹಿಟ್ಟು ಬೇಯುತ್ತಾ?" ಅಲ್ಲಿಗೇ ನಿಲ್ಲಿಸಲಿಲ್ಲ. ಟೊಮ್ಯಾಟೊ ಇಟಲಿಯದ್ದೇ ಅಲ್ಲ, ಅಮೆರಿಕ ಖಂಡದಿಂದ ಬಂದದ್ದು ಎಂದರು. ಅವನು ಸುಮ್ಮನಿರುತ್ತಾನೆಯೇ? ನಿನ್ನ ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದು ಎಂದ. ಇಬ್ಬರೂ ಸ್ವಲ್ಪ ಹೊತ್ತು ಮಾತು ಬಿಟ್ಟರು. ಅನಾನಸ್ ಪಿಜ್ಜಾ ಅಸಹ್ಯ ಎನ್ನುವ ವಿಷಯದಲ್ಲಿ ಮತ್ತೆ ರಾಜಿಯಾದರು. ಹವಾಯಿಯ ಹೆಸರು ಹೊತ್ತ ಅದನ್ನು 1962ರಲ್ಲಿ ಕಂಡುಹಿಡಿದವನು ಕೆನಡಾದಲ್ಲಿ ಹೋಟೆಲಿಟ್ಟಿದ್ದ ಗ್ರೀಕ್ ಮನುಷ್ಯ, ಸ್ಯಾಮ್ ಪಾನೋಪೌಲೋಸ್.

ನಿಜ ಹೇಳಬೇಕೆಂದರೆ ಈ ಜಗಳದಲ್ಲಿ ನಾನು ರಾಯರ ಪರ. ನೇಪಲ್ಸ್‌ನವರು ನ್ಯೂಯಾರ್ಕಿಗೆ ಬಂದು ಸೌದೆ ಬಿಟ್ಟು ಕಲ್ಲಿದ್ದಲ ಒಲೆ ಹಿಡಿದರು, ಪಿಜ್ಜಾದ ಅಗಲ ಹಿಗ್ಗಿಸಿದರು, ಇದೇ ನಮ್ಮದು ಎಂದರು. ಬೆಂಗಳೂರಿನವರು ಪನೀರು ಹಾಕಿ ಇದು ನಮ್ಮದು ಎಂದರೆ ಯಾರಪ್ಪನ ಗಂಟು ಹೋಗುತ್ತದೆ? ರಾಯರ ತೊಂದರೆ ಬೇರೆ. ತಾವು ವಿಮಾನ ಹತ್ತಿದ ದಿನಕ್ಕೆ ಬೆಂಗಳೂರಿನ ಒಲೆಗಳೆಲ್ಲ ತಣ್ಣಗಾದವು ಎಂದು ಅವರು ತಿಳಿದಿದ್ದಾರೆ.

ಇಲ್ಲೇ ಸಿಗುವ ಇಂಡಿಯನ್ ಪಿಜ್ಜಾ ತಿನ್ನಬಾರದೇ ಎಂದು ನೀವು ಕೇಳಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಜಾಂಟೆಯಲ್ಲಿ ಪಂಜಾಬಿಯೊಬ್ಬರು 1980ರ ದಶಕದಲ್ಲೇ ಅದನ್ನು ಶುರುಮಾಡಿದ್ದರು. ಈಗ ಭಾರತೀಯರು ಹೆಚ್ಚಿರುವ ಕಡೆಯೆಲ್ಲ ಸಿಗುತ್ತದೆ. ರಾಯರು ಒಂದು ಸಲ ತಿಂದರು. "ಇದು ಉತ್ತರದವರದ್ದು ಕಣ್ರೀ. ನಾನ್ ಮೇಲೆ ಸಬ್ಜಿ ಸುರಿದಿದ್ದಾರೆ" ಎಂದು ತಳ್ಳಿಹಾಕಿದರು.

ಹಾಗಾಗಿ ಭಾನುವಾರ ಮನೆಯಲ್ಲೇ ತಯಾರಿ. ಪಟೇಲ್ ಬ್ರದರ್ಸ್‌ನಿಂದ ಪನೀರು, ಅಮುಲ್ ಚೀಸು, ಸಿಹಿಖಾರದ ಸಾಸು ಬರುತ್ತವೆ. ಬಿಲ್ಲು ನೋಡಿದರೆ ನೇಪಲ್ಸ್‌ಗೇ ಹೋಗಿ ಬರಬಹುದಿತ್ತು ಅನಿಸುತ್ತದೆ. ಹಿಟ್ಟು ನಾದುವುದು ಹೆಂಡತಿ, ತರಕಾರಿ ಹೆಚ್ಚುವುದು ಹೆಂಡತಿ, ಸಲಹೆ ರಾಯರದ್ದು. ಮನೆಯ ಓವನ್ನು 550 ಡಿಗ್ರಿ ಫ್ಯಾರನ್‌ಹೀಟ್ ದಾಟುವುದಿಲ್ಲ. ಅಂದರೆ ಸೆಲ್ಸಿಯಸ್‌ನಲ್ಲಿ 288ರ ಆಸುಪಾಸು. ಅಷ್ಟರಲ್ಲೇ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತದೆ. ರಾಯರು ಕುರ್ಚಿ ಹತ್ತಿ ಟವೆಲ್ ಬೀಸುತ್ತಾರೆ. "ರೀ, ಒಗ್ಗರಣೆಗೇ ಬಡ್ಕೊಳ್ಳುತ್ತೆ ಅದು, ಇದಕ್ಕೆ ಸುಮ್ನಿರುತ್ತಾ?" ಎಂದು ಒಳಗಿನಿಂದ ಕೂಗು. ಊಟಕ್ಕೆ ಕರೆಸಿಕೊಂಡ ನಾವು ಸೋಫಾದಲ್ಲಿ ಕೂತು ಕೆಮ್ಮುತ್ತ, "ಘಮಘಮ ಅಂತಿದೆ" ಎನ್ನುತ್ತೇವೆ. ಕೊನೆಗೆ ಬರುವ ಪದಾರ್ಥದ ಅಂಚು ಕಪ್ಪು, ನಡುವೆ ಹಸಿ. ರಾಯರು ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಯ ಹಿಂದೆ ಬಚ್ಚಿಟ್ಟ ಪೊಟ್ಟಣವೊಂದನ್ನು ತೆಗೆದು, ಕತ್ತರಿಯಿಂದ ತುದಿ ಕತ್ತರಿಸಿ, ಪ್ರತಿ ತುಂಡಿಗೂ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾರೆ. ಆಮೇಲೆ ನಮ್ಮ ಮುಖಗಳನ್ನು ನೋಡುತ್ತ ಕೂರುತ್ತಾರೆ.

ಕಳೆದ ಬೇಸಿಗೆಯಲ್ಲಿ ರಾಯರು ಬೆಂಗಳೂರಿಗೆ ಹೋಗಿದ್ದರು. ಸೂಟ್‌ಕೇಸ್ ಇಳಿಸಿದ ಸಂಜೆಯೇ ಅಣ್ಣನ ಮಗನನ್ನು ಕರೆದು, "ನಡಿಯೋ, ಒಳ್ಳೇ ಪಿಜ್ಜಾ ತಿನ್ನಿಸು" ಎಂದರಂತೆ. ಹುಡುಗ ಇಂದಿರಾನಗರಕ್ಕೆ ಕರೆದೊಯ್ದ. ಸೌದೆ ಒಲೆ, ಸುಟ್ಟ ಅಂಚು, ನಡುವೆ ನೀರಾಡುವ ಟೊಮ್ಯಾಟೊ, ಮೇಲೆ ನಾಲ್ಕು ತುಳಸಿಯ ತಂಗಿಯಂಥ ಎಲೆ. ರಾಯರು ಪನೀರಿನದ್ದು ಇಲ್ವೇನೋ ಎಂದು ಕೇಳಿದರು. "ಅಯ್ಯೋ ಚಿಕ್ಕಪ್ಪ, ಪನೀರ್ ಹಾಕಿದ್ರೆ ಅದು ಪಿಜ್ಜಾನಾ? ಇದು ಅಸಲಿ, ನೇಪಲ್ಸ್ ಸ್ಟೈಲು" ಎಂದ ಹುಡುಗ. ಒರಿಗ್ಯಾನೊ ಪೊಟ್ಟಣ ಕೇಳಿದ್ದಕ್ಕೆ ಬಡಿಸುವವನು ಮುಗುಳ್ನಕ್ಕನಂತೆ. ಬಿಲ್ಲು ಕೊಟ್ಟು ರಾಯರು ಆಟೋ ಹಿಡಿದು ನೇರ ಬಸವನಗುಡಿಯ ಹಳೇ ಬೇಕರಿಗೆ ಹೋದರು. ಅಲ್ಲಿಯವರು, "ಪಿಜ್ಜಾ ಖಾಲಿ ಸಾರ್, ಖಾರಾ ಬನ್ ಇದೆ, ಕೊಡ್ಲಾ?" ಎಂದರು.

ಅಲ್ಲಿಂದ ಬಂದ ಮೇಲೆ ರಾಯರು ಇನ್ನಷ್ಟು ಗಟ್ಟಿಯಾಗಿದ್ದಾರೆ. ಬೆಂಗಳೂರೂ ಕೆಟ್ಟಿತು, ಅಸಲಿ ಪಿಜ್ಜಾ ಉಳಿದಿರುವುದು ತಮ್ಮ ಮನೆಯಲ್ಲಿ ಮಾತ್ರ ಎಂದು ಕೂಟದ ಮೀಟಿಂಗಿನಲ್ಲೇ ಹೇಳಿದರು. ಅದಕ್ಕೇ ಬೆಂಗಳೂರಿನಿಂದ ನ್ಯೂಜೆರ್ಸಿ ಕಡೆಗೆ ಹೊರಟಿರುವ ಓದುಗರಲ್ಲಿ ನಮ್ಮದೊಂದು ಕಳಕಳಿಯ ವಿನಂತಿ. ಚಟ್ನಿಪುಡಿ ತನ್ನಿ, ಕಾಂಗ್ರೆಸ್ ಕಡಲೆಬೀಜ ತನ್ನಿ, ಸೂಟ್‌ಕೇಸಿನಲ್ಲಿ ಜಾಗವಿದ್ದರೆ ಒಂದು ರುಬ್ಬುವ ಕಲ್ಲನ್ನೇ ತನ್ನಿ. ಆ ಒರಿಗ್ಯಾನೊ ಪೊಟ್ಟಣಗಳನ್ನು ಮಾತ್ರ ದಯವಿಟ್ಟು ತರಬೇಡಿ. ಅವು ಕೈಗೆ ಸಿಕ್ಕಿದ ಭಾನುವಾರವೇ ರಾಯರು ನಮ್ಮನ್ನೆಲ್ಲ ಊಟಕ್ಕೆ ಕರೆಯುತ್ತಾರೆ.