ಶಾನುಭೋಗರ ಮನೆಯ ಬ್ಯಾಸ್ಕೆಟ್‌ಬಾಲ್

ಮಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆಗಿದ್ದಾನೆ ಎಂದರೆ ಇಲ್ಲಿ ಮೇರಿಲ್ಯಾಂಡಿನ ಕನ್ನಡ ಬಳಗದವರು ಮೊದಲು ನನ್ನ ಎತ್ತರ ನೋಡುತ್ತಾರೆ, ಆಮೇಲೆ ನನ್ನ ಗಂಡನದು. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ, "ಆಡ್ತಾನಾ?" ಎಂದು ಮೆಲ್ಲಗೆ ಕೇಳುತ್ತಾರೆ. ಆಡುವುದಿಲ್ಲ, ಲೆಕ್ಕ ಬರೆಯುತ್ತಾನೆ. ಅಂಕಣದ ಪಕ್ಕದ ಮೇಜಿನಲ್ಲಿ ಕೂತ ಒಬ್ಬ "ಇಪ್ಪತ್ಮೂರು, ಥ್ರೀ, ಮಿಸ್! ಹನ್ನೊಂದು, ರೀಬೌಂಡ್!" ಎಂದು ಇಂಗ್ಲಿಷಿನಲ್ಲಿ ಒದರುತ್ತಿರುತ್ತಾನೆ. ಪಕ್ಕದಲ್ಲಿ ನಮ್ಮವನು ಅದನ್ನು ಕಂಪ್ಯೂಟರಿಗೆ ಬಡಿಯುತ್ತಿರುತ್ತಾನೆ. ಆಟ ಮುಗಿದೊಡನೆ ಹೊರಬರುವ ಹಾಳೆಗೆ ಬಾಕ್ಸ್ ಸ್ಕೋರ್ ಎಂದು ಹೆಸರು. ಯಾರು ಎಷ್ಟು ನಿಮಿಷ ಆಡಿದರು, ಎಷ್ಟು ಎಸೆದರು, ಎಷ್ಟು ಬಿತ್ತು, ಚೆಂಡು ಕಳಕೊಂಡವರಾರು, ಫೌಲು ಮಾಡಿದವರಾರು, ಎಲ್ಲ ಒಂದೇ ಪುಟದಲ್ಲಿ.

ಈ ಸುದ್ದಿಗೆ ಲೋಕದಲ್ಲಿ ನಿಜವಾಗಿ ಹಿಗ್ಗಿದವರು ನಮ್ಮ ಮಾವ ಒಬ್ಬರೇ. ಅವರ ತಂದೆ ಮಂಡ್ಯದ ಕಡೆಯ ಒಂದು ಹಳ್ಳಿಯ ಶಾನುಭೋಗರು. 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮಾಧಿಕಾರಗಳೆಲ್ಲ ರದ್ದಾದಾಗ ಮನೆಯ ದಫ್ತರ ತಾಲ್ಲೂಕು ಕಚೇರಿ ಸೇರಿತು. ಮಾವ ಖಜಾನೆ ಇಲಾಖೆ ಸೇರಿ ಬಿಲ್ಲುಗಳಿಗೆ ತಕರಾರು ಹಾಕುತ್ತಲೇ ನಿವೃತ್ತರಾದರು. ಅವರ ಮಗ, ಅಂದರೆ ನನ್ನ ಗಂಡ, ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡಿನ ಬಿಲ್ಲನ್ನೂ ತೆರೆದು ನೋಡುವವನಲ್ಲ. ಇನ್ನು ಮುಗಿಯಿತು ಎಂದುಕೊಂಡಿದ್ದ ವೃತ್ತಿ ಮೊಮ್ಮಗನಲ್ಲಿ ಚಿಗುರಿತು. "ಸರ್ಕಾರ ಕಿತ್ಕೊಂಡ್ರೇನಮ್ಮ, ಶಾನುಭೋಗಿಕೆ ಏಳು ಸಮುದ್ರ ದಾಟಿ ಬಂತು" ಎಂದು ಅವರು ಮೈಸೂರಿಗೆಲ್ಲ ಫೋನು ಮಾಡಿದರು. ಆ ಕಡೆಯವರು ಏನು ತಿಳಿದರೋ, ಹುಡುಗನಿಗೆ ಇಲ್ಲೇ ಸರ್ಕಾರಿ ಕೆಲಸ ಸಿಕ್ಕಿತೆಂದು ಅಭಿನಂದಿಸಿದರು.

ಮಾವ ಬಂದದ್ದು ಚಳಿಗಾಲದಲ್ಲಿ. ಹೊರಗೆ ಹಿಮ, ವಾಕಿಂಗ್ ಇಲ್ಲ. ಹಾಗಾಗಿ ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ಜಮಾಬಂದಿ. ಹಸಿರು ಇಂಕಿನ ಪೆನ್ನು ಊರಿನಿಂದಲೇ ಬಂದಿತ್ತು.

ಮೊದಲ ತಕರಾರು ನಿಮಿಷಗಳದು. ಕಾಲೇಜು ಆಟ 40 ನಿಮಿಷ, ಅಂಕಣದಲ್ಲಿ ಸದಾ ಐವರು. ಹೆಚ್ಚುವರಿ ಅವಧಿ ಆಡದಿದ್ದರೆ ಒಂದು ತಂಡದ ಒಟ್ಟು 200 ನಿಮಿಷ ಬರಬೇಕು. ಮಾವ ಕೂಡಿದರು, 201 ಬಂತು. ಕೆಳಗಿನಿಂದ ಮೇಲಕ್ಕೆ ಕೂಡಿದರು, ಆಗಲೂ 201. "ಈ ಒಂದು ನಿಮಿಷ ಯಾರ ಜೇಬಿಗೆ ಹೋಯ್ತಪ್ಪಾ?" ಸೆಕೆಂಡುಗಳನ್ನು ಹತ್ತಿರದ ನಿಮಿಷಕ್ಕೆ ಏರಿಸಿ ಇಳಿಸಿ ಬರೆದಾಗ ಹೀಗಾಗುತ್ತದೆ ಎಂದು ಮೊಮ್ಮಗ ವಿವರಿಸಿದ. "ಎಲ್ಲ ಕಚೇರೀಲೂ ಇದನ್ನೇ ಹೇಳ್ತಾರೆ" ಎಂದು ಅಂಚಿನಲ್ಲಿ ಟಿಪ್ಪಣಿ ಬಿತ್ತು.

ಎರಡನೆಯದು ರೀಬೌಂಡಿನದು. ಆಟಗಾರರ ಹೆಸರೆಲ್ಲ ಮುಗಿದ ಮೇಲೆ 'ಟೀಮ್' ಎಂದೊಂದು ಸಾಲು, ಅದರ ಖಾತೆಗೆ ಮೂರೋ ನಾಲ್ಕೋ ರೀಬೌಂಡು. ಗುರಿ ತಪ್ಪಿದ ಚೆಂಡು ಯಾರ ಕೈವಶವೂ ಆಗದೆ ಗೆರೆ ದಾಟಿ ಹೋದರೆ, ಮುಂದೆ ಚೆಂಡು ಯಾರ ಪಾಲಿಗೆ ಬರುತ್ತದೋ ಆ ಇಡೀ ತಂಡದ ಹೆಸರಿಗೆ ಅದು ಜಮಾ. ಮಾವನ ಮುಖ ಅರಳಿತು. "ಗೋಮಾಳ ಅನ್ನು!" ಆ ಸಾಲಿಗೆ ತಕರಾರಿಲ್ಲ.

ತಾತನಿಗೆ ಒಂದು ಮಾದರಿ ಲೆಕ್ಕ ತೋರಿಸೋಣ ಎಂದು ಮಗ ತೆಗೆದದ್ದು 2018ರ ಮಾರ್ಚ್ 16ರ ಹಾಳೆ. ನಮ್ಮದೇ ರಾಜ್ಯದ ಯುಎಂಬಿಸಿ, ಅಲ್ಲಿಯವರೆಗೆ ಚದುರಂಗಕ್ಕೇ ಹೆಸರಾಗಿದ್ದ ವಿಶ್ವವಿದ್ಯಾಲಯ, ರಾಷ್ಟ್ರೀಯ ಟೂರ್ನಿಯಲ್ಲಿ ತನ್ನ ಗುಂಪಿನ 16ನೇ ಶ್ರೇಯಾಂಕದ ತಂಡವಾಗಿ ಒಂದನೇ ಶ್ರೇಯಾಂಕದ ವರ್ಜೀನಿಯಾವನ್ನು 74-54ರಿಂದ ಮಣಿಸಿದ ದಿನ. ಪುರುಷರ ಟೂರ್ನಿಯಲ್ಲಿ ಅದಕ್ಕೆ ಮೊದಲು ಇಂಥ ಜೋಡಿ 135 ಸಲ ಎದುರಾಗಿತ್ತು. 135 ಸಲವೂ ದೊಡ್ಡವರೇ ಗೆದ್ದಿದ್ದರು. ಅರ್ಧ ಆಟ ಮುಗಿದಾಗ 21-21. ಆ ಋತುವಿನಲ್ಲಿ ವರ್ಜೀನಿಯಾ ಎದುರಾಳಿಗೆ ಇಡೀ ಆಟಕ್ಕೆ ಬಿಟ್ಟುಕೊಡುತ್ತಿದ್ದ ಸರಾಸರಿ ಸುಮಾರು 53. ಯುಎಂಬಿಸಿ ಉಳಿದರ್ಧದಲ್ಲೇ ಅಷ್ಟನ್ನೂ ಗಳಿಸಿಬಿಟ್ಟಿತು. ಜೈರಸ್ ಲೈಲ್ಸ್ ಎಂಬ ಹುಡುಗನ 28ರಲ್ಲಿ 23 ಬಂದದ್ದು ಆಗಲೇ. ತಂಡದ ಪಾಯಿಂಟ್ ಗಾರ್ಡ್ ಕೆ.ಜೆ. ಮೌರಾ ಐದಡಿ ಎಂಟಂಗುಲ. ಈ ಅಂಕಿಯನ್ನು ನಾನು ಬಳಗದವರಿಗಾಗಿ ಬರೆದಿಟ್ಟುಕೊಂಡಿದ್ದೇನೆ.

ಅರ್ಧದವರೆಗೆ ಸುಮ್ಮನಿದ್ದು ಆಮೇಲೆ ಸುರಿದದ್ದು ಮಾವನಿಗೆ ಆಶ್ಚರ್ಯವೆನಿಸಲಿಲ್ಲ. "ಯಾವ ತಿಂಗಳು ಅಂದೆ? ಮಾರ್ಚ್ ತಾನೆ? ನಮ್ಮ ಖಜಾನೇಲೂ ಅಷ್ಟೆ. ಹನ್ನೊಂದು ತಿಂಗಳು ಮಲಗಿದ್ದ ಇಲಾಖೆಗಳು ಮಾರ್ಚ್ ಕೊನೇಗೆ ಬಿಲ್ಲು ತಂದು ಸುರೀತಿದ್ವು." ಇಲ್ಲಿಯವರು ಈ ಟೂರ್ನಿಯನ್ನು ಮಾರ್ಚಿನ ಹುಚ್ಚು ಎನ್ನುತ್ತಾರೆಂದು ಕೇಳಿ, ಅಮೆರಿಕದಲ್ಲೂ ಹಣಕಾಸಿನ ವರ್ಷದ ಬಗ್ಗೆ ತಿಳಿದವರಿದ್ದಾರೆ ಎಂದು ಮೆಚ್ಚಿದರು. ಇಲ್ಲಿನ ಸರ್ಕಾರದ ವರ್ಷ ಸೆಪ್ಟೆಂಬರಿಗೆ ಮುಗಿಯುತ್ತದೆ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಆದರೆ 74 ಎಂಬ ಅಂಕಿ ಅವರನ್ನು ಬೇರೆ ಕಡೆಗೆ ಎಳೆಯಿತು. ಕುಂಬ್ಳೆ, ಕೋಟ್ಲಾ, 1999, 74ಕ್ಕೆ ಹತ್ತು. ಒಂಬತ್ತು ವಿಕೆಟ್ ಬಿದ್ದ ಮೇಲೆ ಶ್ರೀನಾಥ್ ತಾನು ವಿಕೆಟ್ ತೆಗೆದುಬಿಟ್ಟೇನೆಂದು ಆಚೆಗೆ, ಬ್ಯಾಟಿಗೆ ಎಟುಕದ ಹಾಗೆ ಚೆಂಡು ಹಾಕಿದ್ದನ್ನು ಮಾವ ಇನ್ನೂ ನಿನ್ನೆ ನೋಡಿದಂತೆ ಹೇಳುತ್ತಾರೆ. "ಅದಕ್ಕೆ ನಿನ್ನ ಹಾಳೇಲಿ ಕಲಮಿದೆಯೇನೋ?" ಇದೆ, ಅಸಿಸ್ಟ್. ಬುಟ್ಟಿಗೆ ಬಿದ್ದ ಚೆಂಡನ್ನು ಅಲ್ಲಿಗೆ ತಲುಪಿಸಿದವನ ಪಾಲು. ಎಷ್ಟು ತಲುಪಿಸಿದರೆ ಪಾಲು ಎಂಬುದು ಮಾತ್ರ ಲೆಕ್ಕಿಗನ ವಿವೇಚನೆ. ಹೀಗಾಗಿ ಊರಿನ ತಂಡದವರಿಗೆ ಕೈ ಸ್ವಲ್ಪ ಉದಾರ ಎಂಬ ಗುಮಾನಿ ಇಲ್ಲಿ ಎಂದಿನಿಂದಲೂ ಇದೆ. ಕ್ರಿಕೆಟ್ಟಿನ ಸ್ಕೋರ್‌ಕಾರ್ಡಿನಲ್ಲಿ ಶ್ರೀನಾಥ್ ವಿಕೆಟ್ಟು ಸೊನ್ನೆ, ಮೇಲೆ ವೈಡಿನ ದಂಡ. ಮೈಸೂರಿನವನಿಗೆ ಅನ್ಯಾಯವಾಗಿದೆ ಎಂದು ಮಾವ ಹಸಿರು ಇಂಕಿನಲ್ಲಿ ಯುಎಂಬಿಸಿಯ ಹಾಳೆಯ ಮೇಲೇ ಬರೆದರು.

ಹಾಳೆಯ ತಳದಲ್ಲಿ ಇರುವವರು ಬೆಂಚಿನವರು. ಗೆಲುವು ಖಚಿತವಾದ ಮೇಲೆ ಒಂದು ನಿಮಿಷಕ್ಕೆ ಇಳಿದು, ಏನೂ ಮಾಡದೆ ಹಿಂತಿರುಗುವ ಹುಡುಗನ ಸಾಲಿನಲ್ಲಿ 1, ಅದರ ಮುಂದೆ ಸಾಲಾಗಿ ಸೊನ್ನೆಗಳು. ಇದನ್ನು ಇಲ್ಲಿ ಟ್ರಿಲಿಯನ್ ಎನ್ನುತ್ತಾರೆ. ಓಹಾಯೊ ಸ್ಟೇಟಿನ ಮಾರ್ಕ್ ಟೈಟಸ್ ಬೆಂಚು ಕಾಯುತ್ತಲೇ ಈ ಸಾಧನೆಯಿಂದ ಹೆಸರಾಗಿ, ಆಮೇಲೆ ಪುಸ್ತಕವನ್ನೂ ಬರೆದ.

ಮಾವ ಸೊನ್ನೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದಾಗ ನನ್ನ ಗಂಡ ಅಡುಗೆಮನೆಗೆ ಬಂದ. ಒಲೆಯ ಮೇಲಿದ್ದ ಹುಳಿಯ ಮುಚ್ಚಳ ಎತ್ತಿದ, ಮೂಸಿದ, ಸೌಟು ಒಮ್ಮೆ ತಿರುಗಿಸಿ, ಮುಚ್ಚಳ ಹಾಕದೆ ಊಟಕ್ಕೆ ಬಂದು ಕೂತ.

"ಒಂದರ ಮುಂದೆ ಹನ್ನೆರಡು ಸೊನ್ನೆ ಅಂದ್ರೆ ನಮ್ಮ ಲೆಕ್ಕದಲ್ಲಿ ಲಕ್ಷ ಕೋಟಿ ಆಯ್ತಲ್ಲ" ಎಂದ ಮಾವ, ಕನ್ನಡಕದ ಮೇಲಿನಿಂದ ಮಗನನ್ನು ನೋಡಿ ನನ್ನ ಕಡೆ ತಿರುಗಿದರು. "ಲಕ್ಷ ಕೋಟಿ ಬಂದು ಕೂತಾಯ್ತು, ತಟ್ಟೆ ಹಾಕಮ್ಮ."