ಯಾರ ಕಡೆಯವರು?

ಮಳವಳ್ಳಿಗೆ ರೈಲಿಲ್ಲ. ಆದುದರಿಂದ ಆ ತಾಲ್ಲೂಕಿನ ತರುಣನೊಬ್ಬನು ಬೆಂಗಳೂರಿನ ಕಂಪ್ಯೂಟರ್ ಕಚೇರಿಯಲ್ಲಿ ಉದ್ಯೋಗಸ್ಥನಾಗಿಯೂ ಮನೆಯ ಮುದ್ದೆಯನ್ನು ಬಿಡಲೊಲ್ಲದವನಾದರೆ, ಕೋಳಿ ಕೂಗುವ ಮೊದಲೇ ಬಸ್ಸು ಹಿಡಿದು ಮದ್ದೂರಿಗೆ ಬಂದು, ಮಂಡ್ಯದಲ್ಲಿಯೇ ತುಂಬಿ ತುಳುಕುತ್ತ ಬರುವ ರೈಲಿನೊಳಕ್ಕೆ ತನ್ನ ದೇಹದ ಎಷ್ಟು ಭಾಗ ಸಾಧ್ಯವೋ ಅಷ್ಟನ್ನು ತೂರಿಸಿ, ಉಳಿದುದನ್ನು ದೈವಕ್ಕೆ ಬಿಡಬೇಕಾಗುತ್ತದೆ. ಮದ್ದೂರಿನಲ್ಲಿ ಹತ್ತುವ ಪಾಸುದಾರನಾದ ನನಗೆ ಇಂಥವನೊಬ್ಬನ ಸ್ನೇಹ ಲಭಿಸಿದುದು ಎರಡು ಬೋಗಿಗಳ ನಡುವಣ ಸಂದಿಯಲ್ಲಿ. ರೈಲಿನವರೆಲ್ಲ ಆತನನ್ನು ‘ಅಡ್ಮಿನ್’ ಎಂದು ಕರೆಯುವರು. ಕಾರಣ, ಎದುರಿಗೆ ಬಂದವನಿಗೆ ಯಾವ ಅಧಿಕಾರವಿದೆ ಎಂಬುದನ್ನು ವಿಚಾರಿಸದೆ ಆತನು ಕುಳಿತಲ್ಲಿಂದ ಕಾಲನ್ನೂ ಕದಲಿಸುವವನಲ್ಲ.

ಕರವಸ್ತ್ರ ಹಾಸಿ ಸೀಟು ಹಿಡಿದವರನ್ನು, “ಈ ಪರ್ಮಿಶನ್ ಯಾರು ಕೊಟ್ಟಿದ್ದು ಸಾರ್?” ಎಂದು ಕೇಳುವನು. ಒಮ್ಮೆ ವಡೆಯವನು “ಒರಿಜಿನಲ್ ಮದ್ದೂರು ವಡೆ” ಎಂದು ಕೂಗಿದಾಗ, ಒರಿಜಿನಲ್ ಎಂದು ನಿರ್ಣಯಿಸಿದವರಾರೆಂಬ ಪ್ರಶ್ನೆಯನ್ನೆತ್ತಿ, ಆ ಬಡಪಾಯಿಯು ಉತ್ತರಕ್ಕಾಗಿ ತಡಕಾಡುತ್ತಿರುವಷ್ಟರಲ್ಲಿ ರೈಲು ಹೊರಟು, ವಡೆಯು ಪ್ಲಾಟ್‌ಫಾರಂನಲ್ಲಿಯೂ ನಮ್ಮ ಹಸಿವು ಚನ್ನಪಟ್ಟಣದ ದಾರಿಯಲ್ಲಿಯೂ ಉಳಿದುವು. ಅದನ್ನು ನಾನು ಈಗಲೂ ಕ್ಷಮಿಸಿಲ್ಲ.

ಈ ವ್ಯಾಧಿಯ ಮೂಲವನ್ನು ಆತನೇ ನನಗೆ ಬೋಧಿಸಿದನು. 1992ರಲ್ಲಿ ಅಮೆರಿಕದ ಫೆರೈಯೊಲೊ ಮತ್ತು ಕುನ್ ಎಂಬಿಬ್ಬರು ವಿದ್ವಾಂಸರು, ಅಧಿಕಾರವನ್ನು ವ್ಯಕ್ತಿಗಲ್ಲ, ಪಾತ್ರಕ್ಕೆ ಕೊಡಿ, ಆ ಪಾತ್ರವನ್ನು ವ್ಯಕ್ತಿಗೆ ಕೊಡಿ ಎಂಬ ತತ್ತ್ವವನ್ನು ಪ್ರತಿಪಾದಿಸಿದರಂತೆ. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಎಂದು ಊರನ್ನೇ ಪಾತ್ರಗಳಾಗಿ ಹಂಚಿಕೊಂಡಿದ್ದ ನಮ್ಮವರಿಗೆ ಇದು ಹೊಸತೇನಲ್ಲವೆಂದು ನಾನು ಹೆಮ್ಮೆಪಟ್ಟಾಗ, “ಅದರಲ್ಲಿ ರಿವೋಕ್ ಬಟನ್ನೇ ಇರಲಿಲ್ವಲ್ಲ ಸಾರ್” ಎಂದನು. ನಾನು ಸುಮ್ಮನಾದೆನು. ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಆ ಹುದ್ದೆಗಳನ್ನು ತೆಗೆಯಲು 1961ರ ಕಾನೂನೇ ಬರಬೇಕಾಯಿತಷ್ಟೆ.

ಆತನ ವಿವರಣೆಯಂತೆ, ಜಾಲತಾಣದ ತಂತ್ರಾಂಶಕ್ಕೆ ಕಂಟ್ರೋಲರ್ ಎಂಬ ಹೆಬ್ಬಾಗಿಲುಂಟು. ಕೋರಿಕೆಯ ಬೆನ್ನಿಗೇ ಕೋರಿದವನ ಕುಲಗೋತ್ರವೂ ಬರುವುದರಿಂದ, ‘ಇವನು ಅಡ್ಮಿನ್ ಹೌದೋ ಅಲ್ಲವೋ’ ಎಂದು ಅಲ್ಲಿ ಕೇಳುವುದು ಒಂದೇ ಸಾಲಿನ ಕೆಲಸ. ಆದರೆ ಲೆಕ್ಕವನ್ನು ತಿದ್ದುವ, ಕಡತವನ್ನು ಅಳಿಸುವ ನಿಜವಾದ ವ್ಯವಹಾರವೆಲ್ಲ ಒಳಮನೆಯಲ್ಲಿ. ಒಳಮನೆಗೆ ಹಿತ್ತಿಲ ಬಾಗಿಲೂ ಉಂಟು. ಹೆಬ್ಬಾಗಿಲಲ್ಲಿ ಮಾತ್ರ ಕೇಳಿದರೆ ಹಿತ್ತಿಲಿನಿಂದ ಬಂದವನು ಉಗ್ರಾಣವನ್ನೇ ಹೊತ್ತೊಯ್ದಾನು. ಒಳಗೆ ಕೇಳೋಣವೆಂದರೆ ಅಲ್ಲಿ ಕುಳಿತವನಿಗೆ ಬಂದವನ ಮುಖವೇ ಕಾಣದು. ಎಎಸ್‌ಪಿ ಡಾಟ್ ನೆಟ್ ಎಂಬ ತಂತ್ರಾಂಶ ಚೌಕಟ್ಟಿನ ಹಳೆಯ ಸಂಪ್ರದಾಯದಲ್ಲಿ ಒಳಗಿನ ಯಾವ ಮೂಲೆಯಿಂದ ಕೂಗಿದರೂ ‘ಬಂದಿರುವವನು ಇಂಥವನು’ ಎಂದು ಓಗೊಡುವ ಏರ್ಪಾಡಿತ್ತಂತೆ. ಹೊಸ ಸಂಪ್ರದಾಯದಲ್ಲಿ ಅದನ್ನು ರದ್ದುಪಡಿಸಿ, ಆಕ್ಸೆಸರ್ ಎಂಬ ದೂತನನ್ನು ನಾವೇ ಕರೆಸಿ ಕೂರಿಸಿಕೊಳ್ಳಬೇಕೆಂದು ವಿಧಿಸಿದ್ದಾರಂತೆ. ನಮ್ಮ ಅಡ್ಮಿನ್ ಒಳಮನೆಯ ಕೋಣೆಕೋಣೆಗೂ ಒಬ್ಬೊಬ್ಬ ದೂತನನ್ನು ಕೂರಿಸಿ, ನೆಮ್ಮದಿಯಿಂದ ಊರಿಗೆ ಬಂದನು.

ಅಂದು ನಡುರಾತ್ರಿ ಕಚೇರಿಯಿಂದ ಫೋನು ಬಂದಿತು. ಇರುಳಿನಲ್ಲಿ ತನ್ನಷ್ಟಕ್ಕೆ ತಾನೇ ನಡೆಯುವ ಕೆಲಸವೊಂದು ಮುಗ್ಗರಿಸಿ ಬಿದ್ದಿತ್ತು. ದೂತನು ‘ಬಂದವರಾರು’ ಎಂದು ಕೇಳಿದ್ದಾನೆ, ಹೆಬ್ಬಾಗಿಲಿನಿಂದ ಯಾರೂ ಬಂದಿಲ್ಲವಾದ್ದರಿಂದ ಉತ್ತರವು ಶೂನ್ಯ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಗದ್ದೆಗೆ ಸರದಿಯ ನೀರು ಕಟ್ಟಿ, ಗುದ್ದಲಿ ಹೆಗಲಿಗಿಟ್ಟು ಅದೇ ತಾನೇ ಬಂದಿದ್ದ ತಂದೆಯು, ಮಗನ ಗೋಳನ್ನು ಕೇಳಿ, ಕಾಲು ತೊಳೆಯುತ್ತಲೇ ಹೇಳಿದರಂತೆ: “ಇರುಳೊತ್ನಲ್ಲಿ ತೂಬ್‌ತಾವ ಯಾರ್ಲಾ ಇರ್ತಾರೆ ಕೇಳಕ್ಕೆ? ನೀರುಗಂಟಿ ಬರುವಾಗ್ಲೇ ಯಾರ್ ಗದ್ದೆಗೆ, ಯಾರ್ ಹೇಳಿದ್ದು ಅಂತ ಚೀಟಿ ತಂದ್ರೆ ಆಯ್ತು. ತೂಬು ಚೀಟಿ ನೋಡ್ಲಿ, ಬಾಗ್ಲು ಯಾಕ್ ನೋಡ್ಬೇಕು?” ಬೆಳಗಾಗುವಷ್ಟರಲ್ಲಿ ದೂತರೆಲ್ಲ ಕೆಲಸ ಕಳೆದುಕೊಂಡಿದ್ದರು, ಕೆಲಸ ಹೇಳುವವನೇ ಬಳಕೆದಾರನ ಚೀಟಿಯನ್ನೂ ಕೈಗಿಡತಕ್ಕದ್ದೆಂಬ ನಿಯಮವು ಜಾರಿಗೆ ಬಂದಿತ್ತು. ಕಚೇರಿಯ ಸಭೆಯಲ್ಲಿ ಈ ಶೋಧನೆಗೆ ಚಪ್ಪಾಳೆಯಾಯಿತೆಂದು ರೈಲಿನಲ್ಲಿ ಹೇಳಿದನು. ಸಭೆಯಲ್ಲಿ ತಂದೆಯ ಪ್ರಸ್ತಾಪ ಬಂದಿತೇ ಎಂದು ಕೇಳಿದ್ದಕ್ಕೆ ಕಿಟಕಿಯ ಹೊರಗೆ ಶಿಂಷಾ ನದಿಯನ್ನು ನೋಡತೊಡಗಿದನು.

ಕಳೆದ ವರ್ಷ ಮಂಡ್ಯದ ಸಮುದಾಯ ಭವನವೊಂದರಲ್ಲಿ ಆತನ ದಾಯಾದಿಯ ಮದುವೆಯ ಬೀಗರ ಊಟ. ಬಾಗಿಲಲ್ಲಿ ಕೈಮುಗಿದು ಕರೆಯುವ ಹಿರಿಯರಿಂದ ಏನೂ ಸಾಗದೆಂದು ಬಗೆದು, ನಮ್ಮ ಅಡ್ಮಿನ್ ಒಳಗೆ ಪಂಕ್ತಿಯ ನಡುವೆಯೇ ನಿಂತು, ಎಲೆಯ ಮುಂದೆ ಕುಳಿತವರನ್ನೆಲ್ಲ “ಯಾರ ಕಡೆಯವರು?” ಎಂದು ವಿಚಾರಿಸುತ್ತ ಬಂದನು. ಮೂರನೆಯ ಎಲೆಯ ಅಜ್ಜಿಯೊಬ್ಬರು ಮೂಳೆಯನ್ನು ಬದಿಗಿಟ್ಟು, ಆತನನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ನೀನ್ಯಾರ್ ಮಗ್ನಪ್ಪ?” ಎಂದರು. ಹೇಳಿದನು. “ಯಾವೂರು? ಅಜ್ಜಿ ತವ್ರು ಯಾವ್ದು?” ಅದನ್ನೂ ಹೇಳಿದನು. “ಅಂಗಾದ್ರೆ ನೀನು ಹೆಣ್ಣಿನ್ ಕಡೇಗೂ ಆಗ್ಬೇಕು ಕಣಪ್ಪ! ನನ್ ಮೊಮ್ಮಗನೇ ಆದೆ. ಯಾಕ್ ನಿಂತಿದ್ದೀಯೆ? ಕೂತ್ಕೊ, ಮುದ್ದೆ ಆರೋಯ್ತದೆ” ಎಂದು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಎರಡು ಪಾತ್ರಗಳು ಒಮ್ಮೆಲೇ ಪ್ರಾಪ್ತವಾದ ಅಡ್ಮಿನ್ ಬಾಯಿಕಟ್ಟಿದವನಂತೆ ಕುಳಿತನು. ನಾನಾದರೋ ಆ ವೇಳೆಗೆ ಅದೇ ಸಾಲಿನ ಕೊನೆಯ ಎಲೆಯಲ್ಲಿ ಎರಡನೆಯ ಮುದ್ದೆಯನ್ನು ಮುರಿಯುತ್ತಿದ್ದೆನು; ಯಾವ ಕಡೆಯವನೂ ಅಲ್ಲದ ನನ್ನವರೆಗೆ ಪರೀಕ್ಷೆಯು ಬರಲೇ ಇಲ್ಲ.